ಹೂವಿನ ಕಾಲದಲ್ಲೇ ರಾಣಿ ಮೊಟ್ಟೆ ಕಡಿಮೆ ಮಾಡಿದರೆ: ತುಡುವೆ ಪೆಟ್ಟಿಗೆಯಲ್ಲಿ ಏನು ನೋಡಬೇಕು, ಏನು ಮಾಡಬೇಕು

ಜನವರಿ ಕೊನೆಗೆ ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಿ ಎಲೆ ಉದುರಿ ಕೆಂಪು ಚಿಗುರು ಬರುತ್ತದೆ. ಮಾರ್ಚ್ ಆಸುಪಾಸಿನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳು ಬೆಳ್ಳಗಾಗುತ್ತವೆ. ಯುಗಾದಿ ಹೊತ್ತಿಗೆ ಹೊಂಗೆ, ಬೇವು, ನೇರಳೆ ಒಂದಾದ ಮೇಲೊಂದು ಹೂ ಬಿಡುತ್ತವೆ. ತುಡುವೆ, ಅಂದರೆ ನಾವು ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು, ಜೇನು ಕೂಡಿಟ್ಟು ಪೆಟ್ಟಿಗೆ ಎತ್ತಿದರೆ ಕೈಗೆ ಭಾರ ತಿಳಿಯುವ ಕಾಲ ಇದು. ಆದರೆ ಅಡಿಕೋಣೆಯ (ಮರಿ ಬೆಳೆಯುವ ಕೆಳಗಿನ ಕೋಣೆಯ) ಎರಿ, ಅಂದರೆ ಮೇಣದ ಕಣಗಳ ಹಲಗೆ, ಎತ್ತಿ ನೋಡಿದರೆ ಹೋದ ತಿಂಗಳು ಅಂಗೈಯಗಲ ಇದ್ದ ಮರಿಗಳ ಹರವು ಈಗ ನಿಂಬೆಹಣ್ಣಿನಷ್ಟಾಗಿದೆ, ಮೊಟ್ಟೆಯಂತೂ ಹುಡುಕಬೇಕು. ಹೆಚ್ಚಿನವರು ಆಗ ಹೇಳುವ ಮಾತು ಒಂದೇ: ರಾಣಿಗೆ ವಯಸ್ಸಾಯಿತು, ತೆಗೆದು ಬೇರೆ ರಾಣಿ ಮಾಡಬೇಕು. ಹಾಗೆ ತೆಗೆದ ರಾಣಿಗಳಲ್ಲಿ ಎಷ್ಟೋ ಚೆನ್ನಾಗಿಯೇ ಇದ್ದವು. ಹೂವಿನ ಕಾಲದ ನಟ್ಟನಡುವೆ ರಾಣಿ ಇಲ್ಲದೆ ಕುಟುಂಬ ಒಂದು ತಿಂಗಳು ಹಿಂದೆ ಬಿದ್ದು, ಆ ವರ್ಷದ ಜೇನೂ ಕೈತಪ್ಪುತ್ತದೆ.

ಚಳಿ ದೇಶಗಳ ಜೇನು ಕೃಷಿ ಪುಸ್ತಕ ಓದಿ ಕಲಿತವರಿಗೆ ಇಲ್ಲಿ ಇನ್ನೊಂದು ಗೊಂದಲ. ಅಲ್ಲಿ ಹಿಮ ಕರಗಿದ ಮೇಲೆ, ವಸಂತದಲ್ಲಿ ಕುಟುಂಬ ಬೆಳೆಯುತ್ತದೆ. ಜೇನು ಬರುವುದು ಆಮೇಲೆ. ನಮ್ಮ ಕರಾವಳಿ, ಮಲೆನಾಡಿನಲ್ಲಿ ತುಡುವೆ ಬೆಳೆಯುವುದು ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಿಂದ ಜನವರಿವರೆಗೆ. ವಸಂತ ನಮಗೆ ಜೇನು ತುಂಬುವ ಕಾಲ. ಹಾಗಾಗಿ ವಸಂತದಲ್ಲಿ ಮೊಟ್ಟೆ ಸ್ವಲ್ಪ ಇಳಿದರೆ ಅದು ಸಹಜವೂ ಇರಬಹುದು. ಎಷ್ಟು ಇಳಿದಿದೆ, ಯಾಕೆ ಇಳಿದಿದೆ ಎಂದು ಎರಿಯಲ್ಲೇ ಓದಿಕೊಳ್ಳಬೇಕು.

ಮೊಟ್ಟೆ ಇಡುವವಳು ರಾಣಿ, ಲೆಕ್ಕ ಇಡುವವರು ಕೆಲಸಗಾರರು

ಒಳ್ಳೆಯ ಕಾಲದಲ್ಲಿ ತುಡುವೆ ರಾಣಿ ದಿನಕ್ಕೆ ಕೆಲವು ನೂರು ಮೊಟ್ಟೆ ಇಡುತ್ತಾಳೆ. ಅಷ್ಟು ಮೊಟ್ಟೆ ಅವಳ ಹೊಟ್ಟೆಯಲ್ಲಿ ತಯಾರಾಗಬೇಕಾದರೆ ದಾದಿ ಜೇನುಗಳು (ಮರಿಗಳಿಗೂ ರಾಣಿಗೂ ಉಣಿಸುವ ಎಳೆಯ ಕೆಲಸಗಾರರು) ಅವಳಿಗೆ ರಾಜಶಾಹಿ ರಸ ಉಣಿಸುತ್ತಲೇ ಇರಬೇಕು. ಆ ರಸ ಹುಟ್ಟುವುದು ದಾದಿಗಳು ತಿಂದ ಪರಾಗದಿಂದ. ಮೊಟ್ಟೆ ಇಡಲು ಖಾಲಿ ಕಣ ಬೇಕು, ಅದನ್ನು ನೆಕ್ಕಿ ಶುಚಿ ಮಾಡಿಕೊಡುವವರೂ ಕೆಲಸಗಾರರೇ. ಜಾಗ, ಪರಾಗ, ದಾದಿಗಳು ಮೂರೂ ಇದ್ದೂ ಮೊಟ್ಟೆ ಇಲ್ಲವೆಂದಾಗ ಮಾತ್ರ ರಾಣಿಯ ಮೇಲೆ ಅನುಮಾನ ಪಡಬೇಕು. ಪರೀಕ್ಷೆಯೂ ಇದೇ ಕ್ರಮದಲ್ಲಿ ನಡೆಯಲಿ.

ಪೆಟ್ಟಿಗೆ ತೆರೆಯುವ ಮೊದಲು

ಬೆಳಗ್ಗೆ ಎಂಟೂವರೆ ಒಂಬತ್ತರ ಹೊತ್ತಿಗೆ ಬಾಗಿಲ ಪಕ್ಕ ಕೂತು ಐದು ನಿಮಿಷ ನೋಡಿ. ಒಳಗೆ ಹೋಗುವ ಹುಳುಗಳ ಹಿಂಗಾಲಲ್ಲಿ ಪರಾಗದ ಉಂಡೆ ಇದೆಯೇ? ಇದ್ದರೆ ಒಳಗೆ ಉಣಿಸಬೇಕಾದ ಮರಿಗಳಿವೆ ಎಂದು ಬಹುಮಟ್ಟಿಗೆ ಹೇಳಬಹುದು. ಹುಳುಗಳು ಭಾರದ ಹೊಟ್ಟೆ ಹೊತ್ತು ಮಣೆಯ ಮೇಲೆ ಧೊಪ್ಪನೆ ಇಳಿಯುತ್ತಿದ್ದು ಕಾಲು ಮಾತ್ರ ಖಾಲಿ ಎಂದಾದರೆ ಮಕರಂದ ಬರುತ್ತಿದೆ, ಪರಾಗ ಬರುತ್ತಿಲ್ಲ. ದಪ್ಪ ಕಣ್ಣಿನ ಕರಿ ಗಂಡುಜೇನುಗಳು ಮಧ್ಯಾಹ್ನ ಗುಂಪಾಗಿ ಹಾರುತ್ತಿದ್ದರೆ ಪಾಲು ಹೋಗುವ, ಅಂದರೆ ಕುಟುಂಬ ಎರಡಾಗಿ ಒಂದು ಗುಂಪು ಹಾರಿಹೋಗುವ, ಯೋಚನೆ ನಡೆದಿರಬಹುದು. ಪೆಟ್ಟಿಗೆ ಮುಂದೆ ನಾಲಿಗೆ ಚಾಚಿ ಸತ್ತ ಹುಳುಗಳ ರಾಶಿ ಕಂಡರೆ ಹತ್ತಿರದಲ್ಲಿ ಎಲ್ಲೋ ವಿಷ ಸಿಂಪಡಿಸಿದ್ದಾರೆ. ಗೇರು ಹೂ ಬಿಡುವ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಟೀ ಸೊಳ್ಳೆಗೆ (ಗೇರಿನ ಚಿಗುರು, ಹೂವಿನ ರಸ ಹೀರುವ ಕೀಟಕ್ಕೆ) ಔಷಧಿ ಹೊಡೆಯುವ ಊರುಗಳಲ್ಲಿ ಇದನ್ನು ಮರೆಯಬಾರದು. ಆಹಾರ ತರುವ ಹುಳುಗಳು ಸತ್ತರೆ ದಾದಿ ಹುಳುಗಳು ವಯಸ್ಸಿಗೆ ಮೊದಲೇ ಹೊರಗೆ ಹೊರಡುತ್ತವೆ, ರಾಣಿಗೆ ಉಣಿಸುವವರು ಕಡಿಮೆಯಾಗುತ್ತಾರೆ.

ಆಮೇಲೆ ಮುಚ್ಚಳ ತೆಗೆಯಿರಿ. ಹೊಗೆ ಎರಡೇ ಉಸಿರು ಸಾಕು. ತುಡುವೆಗೆ ಹೊಗೆ ಜಾಸ್ತಿಯಾದರೆ ಎರಿ ಬಿಟ್ಟು ಓಡಿ ಮೂಲೆಯಲ್ಲಿ ಮುದ್ದೆಯಾಗುತ್ತದೆ, ರಾಣಿಯೂ ಆ ಮುದ್ದೆಯೊಳಗೆ. ರಾಣಿಯನ್ನು ಹುಡುಕುತ್ತ ಹೊತ್ತು ಕಳೆಯಬೇಡಿ. ಇಂದಿನ ಮೊಟ್ಟೆ ಕಂಡರೆ ರಾಣಿ ಕಂಡಂತೆಯೇ.

ಮೊಟ್ಟೆ ಕಾಣುವುದು ಹೇಗೆ, ಎಣಿಸುವುದು ಹೇಗೆ

ಸೂರ್ಯ ನಿಮ್ಮ ಬೆನ್ನಿಗಿರಲಿ. ಎರಿಯನ್ನು ನೆಟ್ಟಗೆ ಹಿಡಿದು, ಹೆಗಲ ಮೇಲಿಂದ ಬಂದ ಬಿಸಿಲು ಕಣದ ತಳ ಮುಟ್ಟುವಷ್ಟು ಮಾತ್ರ ಬಾಗಿಸಿ. ಅಡ್ಡ ಮಲಗಿಸಬೇಡಿ, ಏಪ್ರಿಲ್ ಸೆಖೆಯಲ್ಲಿ ಹೊಸ ಎರಿ ಮೆತ್ತಗಿರುತ್ತದೆ, ಜೇನಿನ ಭಾರಕ್ಕೆ ಮುರಿದು ಕೆಳಗೆ ಬೀಳುತ್ತದೆ. ಮೊಟ್ಟೆ ಅಂದರೆ ಒಂದೂವರೆ ಮಿಲಿಮೀಟರ್ ಉದ್ದದ, ಬಿಳಿ ನೂಲಿನ ತುಂಡಿನಂಥ ವಸ್ತು. ಮೊದಲ ದಿನ ಕಣದ ತಳದಲ್ಲಿ ನೆಟ್ಟಗೆ ನಿಂತಿರುತ್ತದೆ, ಎರಡನೇ ದಿನ ವಾಲುತ್ತದೆ, ಮೂರನೇ ದಿನ ಮಲಗುತ್ತದೆ. ಮಲಗಿದ್ದಷ್ಟೇ ಕಂಡು ನಿಂತಿದ್ದು ಒಂದೂ ಕಾಣದಿದ್ದರೆ ರಾಣಿ ನಿನ್ನೆ ಮೊನ್ನೆಯೇ ನಿಲ್ಲಿಸಿದ್ದಾಳೆ, ಇಲ್ಲವೇ ಪೆಟ್ಟಿಗೆಯಲ್ಲೇ ಇಲ್ಲ. ಕಣ್ಣಿಗೆ ಕಷ್ಟವಾದರೆ ಭೂತಗನ್ನಡಿ ಹಿಡಿಯಿರಿ, ನಾಚಿಕೆ ಬೇಡ.

ಇನ್ನು ಎಣಿಕೆ. ಖಾಲಿ ಚೌಕಟ್ಟಿಗೆ ಇಂಚಿಗೊಂದರಂತೆ ಅಡ್ಡಡ್ಡ, ಉದ್ದುದ್ದ ನೂಲು ಕಟ್ಟಿ ಜಾಲರಿ ಮಾಡಿಕೊಳ್ಳಿ. ಎರಿಯ ಮೇಲೆ ಹಿಡಿದು ಮೊಟ್ಟೆ ಎಷ್ಟು ಚದರ, ತೆರೆದ ಮರಿಹುಳು ಎಷ್ಟು ಚದರ, ಮೇಣ ಮುಚ್ಚಿದ ಮರಿ ಎಷ್ಟು ಚದರ ಎಂದು ಎಲ್ಲ ಎರಿಗಳ ಎರಡೂ ಬದಿ ಬರೆದುಕೊಳ್ಳಿ. ತುಡುವೆ ಕೆಲಸಗಾರ ಹುಳು ಮೊಟ್ಟೆಯಾಗಿ 3 ದಿನ, ಮರಿಹುಳುವಾಗಿ ಸುಮಾರು 5 ದಿನ, ಮುಚ್ಚಿದ ಕಣದೊಳಗೆ ಸುಮಾರು 11 ದಿನ ಇರುತ್ತದೆ. ರಾಣಿ ಒಂದೇ ಸಮ ಇಡುತ್ತಿದ್ದರೆ ಮೂರರ ಲೆಕ್ಕವೂ 3, 5, 11ರ ಪ್ರಮಾಣದಲ್ಲಿರಬೇಕು.

ಮುಚ್ಚಿದ ಮರಿ 44 ಚದರ ಇದೆ ಎನ್ನಿ. ಅಂದರೆ ಆಗ ದಿನಕ್ಕೆ 4 ಚದರದಷ್ಟು ಮೊಟ್ಟೆ ಬಿದ್ದಿತ್ತು. ಅದೇ ವೇಗದಲ್ಲಿ ಈಗ ಮೊಟ್ಟೆ 12 ಚದರ, ಮರಿಹುಳು 20 ಚದರ ಇರಬೇಕು. ಮರಿಹುಳು 20 ಸರಿಯಾಗಿದ್ದು ಮೊಟ್ಟೆ ಮಾತ್ರ 4 ಇದ್ದರೆ ಈ ಮೂರು ದಿನಗಳಲ್ಲೇ ವೇಗ ಮೂರರಲ್ಲೊಂದು ಪಾಲಿಗೆ ಇಳಿದಿದೆ. ಮೊಟ್ಟೆ, ಮರಿಹುಳು ಎರಡೂ ಕಡಿಮೆ ಇದ್ದರೆ ವಾರದಿಂದಲೇ ಶುರುವಾಗಿದೆ. ಮೊಟ್ಟೆ 12 ಸರಿಯಾಗಿಯೇ ಇದೆ, ಮರಿಹುಳು ಆರೇ ಚದರ ಅಂದರೆ ರಾಣಿ ತನ್ನ ಕೆಲಸ ಮಾಡುತ್ತಿದ್ದಾಳೆ, ಒಡೆದ ಮರಿ ಉಳಿಯುತ್ತಿಲ್ಲ. ಈ ಕೊನೆಯ ಸ್ಥಿತಿಯಲ್ಲಿ ರಾಣಿ ಬದಲಿಸುವುದು ದೊಡ್ಡ ತಪ್ಪು. ಹತ್ತು ನಿಮಿಷದ ಈ ಎಣಿಕೆ ಎಷ್ಟೋ ರಾಣಿಗಳನ್ನು ಉಳಿಸುತ್ತದೆ. ಬೇಸರಪಡದೆ ಮಾಡಿ.

ಜಾಗವಿಲ್ಲ: ಅಡಿಕೋಣೆಗೇ ಜೇನು ನುಗ್ಗಿದೆ

ಹೂವಿನ ಕಾಲದಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಬೆಳಗ್ಗೆ ಮರಿ ಹೊರಬಂದು ಖಾಲಿಯಾದ ಕಣಕ್ಕೆ ರಾಣಿ ಬಂದು ತಲುಪುವ ಮೊದಲೇ ಹುಳುಗಳು ಮಕರಂದ ಸುರಿದಿರುತ್ತವೆ. ಎರಿಯನ್ನು ಬಿಸಿಲಿಗೆ ಹಿಡಿದಾಗ ಮುಚ್ಚಿದ ಮರಿಗಳ ನಡುನಡುವೆ, ಮೊಟ್ಟೆ ಇರಬೇಕಾದ ಕಣಗಳಲ್ಲಿ ನೀರು ಹೊಳೆದಂತೆ ಹೊಳೆಯುತ್ತದೆ. ಮೇಲಿನ ಜೇನಿನ ಪಟ್ಟಿ ದಿನೇ ದಿನೇ ಕೆಳಗಿಳಿದು ಮರಿಗಳ ವೃತ್ತವನ್ನು ಕೆಳಮೂಲೆಗೆ ಒತ್ತಿರುತ್ತದೆ.

ಇದಕ್ಕೆ ಸುಲಭದ ಪರೀಕ್ಷೆಯೊಂದಿದೆ. ಹುಳುಗಳೇ ಕಟ್ಟಿ ಮುಗಿಸಿದ, ಖಾಲಿಯಾದ, ತಿಳಿ ಬಣ್ಣದ ಒಂದು ಎರಿಯನ್ನು ಮರಿ ಇರುವ ಕೊನೆಯ ಎರಿಯ ಪಕ್ಕಕ್ಕೆ ಸೇರಿಸಿ. ಜಾಗ ಮಾಡಲು ಗೋಡೆ ಬದಿಯ ಬರೀ ಜೇನಿನ ಎರಿಯನ್ನು ಹೊರಗೆ ತೆಗೆಯಿರಿ. ಎರಡು ದಿನ ಬಿಟ್ಟು ನೋಡಿ. ಅದರಲ್ಲಿ ಮೊಟ್ಟೆ ಬಿದ್ದಿದ್ದರೆ ರಾಣಿ ಗಟ್ಟಿಯಿದ್ದಾಳೆ, ಜಾಗವೇ ಇರಲಿಲ್ಲ. ಮಕರಂದ ತುಂಬಿದ್ದರೆ ಮೇಲಿನ ಜೇನುಕೋಣೆ ಸಾಲುತ್ತಿಲ್ಲ. ಕಣಗಳು ನೆಕ್ಕಿ ಹೊಳೆಯುವಂತೆ ಶುಚಿಯಾಗಿದ್ದೂ ಮೊಟ್ಟೆ ಇಲ್ಲದಿದ್ದರೆ ಕಾರಣ ಬೇರೆ. ಮುಂದಿನ ಭಾಗಗಳನ್ನು ನೋಡಿ. ಎರಿ ಮುಚ್ಚುವಷ್ಟು ಹುಳುಗಳೇ ಅದರ ಮೇಲಿಲ್ಲವೆಂದಾದರೆ ಕುಟುಂಬ ಸಣ್ಣದಾಗಿದೆ, ಅಂಥ ಪೆಟ್ಟಿಗೆಗೆ ಹೆಚ್ಚುವರಿ ಎರಿ ಕೊಟ್ಟರೆ ಮೇಣದ ಹುಳುವಿಗೆ (ಎರಿ ತಿನ್ನುವ ಪತಂಗದ ಮರಿಗೆ) ಊಟ ಹಾಕಿದಂತೆ.

ಪರಿಹಾರ: ಅಡಿಕೋಣೆಯ ಎಂಟು ಎರಿಗಳಲ್ಲಿ ಆರರ ಮೇಲೆ ಹುಳು ತುಂಬಿದ ಕೂಡಲೇ ಜೇನುಕೋಣೆ ಏರಿಸಿ, ಹೂ ಅರಳಿದ ಮೇಲೆ ಏರಿಸುತ್ತೇನೆ ಎಂದು ಕಾಯಬೇಡಿ. ಹಿಂದಿನ ವರ್ಷ ಕಟ್ಟಿದ ಎರಿ ಇದ್ದರೆ ಅದನ್ನೇ ಕೊಡಿ. ಹೊಸದಾಗಿ ಮೇಣ ಕಟ್ಟಬೇಕಾದಾಗ ಹುಳುಗಳು ಬಂದ ಮಕರಂದವನ್ನು ಅಷ್ಟರವರೆಗೆ ಕೆಳಗೇ ಸುರಿಯುತ್ತವೆ. ಜೇನುಕೋಣೆಯ ಎರಿ ಮುಕ್ಕಾಲು ಪಾಲು ಮುಚ್ಚಿದ ಮೇಲೆ ಜೇನು ತೆಗೆದು, ಖಾಲಿ ಎರಿಯನ್ನು ಅದೇ ಸಂಜೆ ವಾಪಸು ಕೊಡಿ. ಅಡಿಕೋಣೆಯ ಮರಿ ಇರುವ ಎರಿಯನ್ನು ಎಂದೂ ಜೇನು ತೆಗೆಯುವ ಯಂತ್ರಕ್ಕೆ ಹಾಕಬಾರದು. ತಿರುಗಿಸಿದ ರಭಸಕ್ಕೆ ಮೊಟ್ಟೆ, ಮರಿಹುಳು ಹೊರಗೆ ಚಿಮ್ಮುತ್ತವೆ, ಮರಿಗಳ ನೀರು ಜೇನಿಗೆ ಸೇರಿ ಅದೂ ಹಾಳು.

ಈ ಹೊತ್ತಿನಲ್ಲಿ ಮೊಟ್ಟೆ ಹೆಚ್ಚಿಸಲೆಂದು ಸಕ್ಕರೆ ಪಾಕ ಇಡುವವರಿದ್ದಾರೆ. ದಯವಿಟ್ಟು ಇಡಬೇಡಿ. ಪಾಕವೂ ಹೋಗಿ ಕೂರುವುದು ಮೊಟ್ಟೆ ಇಡಬೇಕಾದ ಕಣದಲ್ಲೇ, ಇದ್ದ ಜಾಗವೂ ಮುಗಿಯುತ್ತದೆ. ಮೇಲೆ ತೆಗೆಯುವ ಜೇನಿಗೆ ಸಕ್ಕರೆ ಬೆರೆತು ಕೊಂಡವರಿಗೆ ಮೋಸವಾಗುತ್ತದೆ.

ಪರಾಗವಿಲ್ಲ: ರಬ್ಬರ್ ತೋಟದ ಕಷ್ಟ

ರಬ್ಬರಿನ ಜೇನು ಬರುವುದು ಹೂವಿನಿಂದಲ್ಲ, ಎಲೆಚಿಗುರಿನ ತೊಟ್ಟಿನ ಬಳಿಯ ಸಿಹಿ ಗ್ರಂಥಿಗಳಿಂದ. ಅಲ್ಲಿ ಮಕರಂದ ಹರಿಯುತ್ತದೆ, ಪರಾಗದ ಒಂದು ಕಣವೂ ಸಿಗದು. ಸುತ್ತ ರಬ್ಬರೇ ಇರುವ ಗುಡ್ಡದಲ್ಲಿ ಪೆಟ್ಟಿಗೆ ಇಟ್ಟರೆ ಜೇನುಕೋಣೆ ತುಂಬುತ್ತಿರುವಾಗಲೇ ಅಡಿಕೋಣೆ ಬಡವಾಗುತ್ತದೆ. ಮರಿಗಳ ಸುತ್ತ ಹಳದಿ, ಕಿತ್ತಳೆ ಬಣ್ಣದ ಪರಾಗದ ಬಳೆ ಇರಬೇಕಾದಲ್ಲಿ ಖಾಲಿ ಕಣ ಅಥವಾ ಜೇನು ಕಾಣುತ್ತದೆ. ಚೆನ್ನಾಗಿ ಉಂಡ ಎಳೆ ಮರಿಹುಳು ಹಾಲಿನಂಥ ರಸದಲ್ಲಿ ತೇಲುತ್ತಿರುತ್ತದೆ. ಇಲ್ಲಿ ಅದು ಒಣಗಿದ ಕಣದ ತಳಕ್ಕೆ ಅಂಟಿಕೊಂಡಿರುತ್ತದೆ. ಪರಾಗ ಪೂರ್ತಿ ಮುಗಿದರೆ ದಾದಿಗಳು ಮರಿಗಳನ್ನೇ ತಿಂದು ಆ ಸಾರದಿಂದ ಉಳಿದವಕ್ಕೆ ಉಣಿಸುತ್ತವೆ. ಮೊಟ್ಟೆ ಇದ್ದು ಮರಿಹುಳು ಇಲ್ಲದ ಲೆಕ್ಕ ಹೀಗೆ ಹುಟ್ಟುತ್ತದೆ.

ಪೆಟ್ಟಿಗೆಯನ್ನು ರಬ್ಬರ್ ತೋಟದ ನಡುವೆ ಇಡುವ ಬದಲು ಅಂಚಿನಲ್ಲಿ, ತೆಂಗು ಅಡಿಕೆ ತೋಟಕ್ಕೆ ಹತ್ತಿರ ಇಡುವುದೇ ಒಳ್ಳೆಯ ಮದ್ದು. ತೆಂಗಿನ ಹೊಂಬಾಳೆ ತಿಂಗಳು ತಿಂಗಳೂ ಪರಾಗ ಕೊಡುತ್ತದೆ. ತುಡುವೆ ದೂರ ಹೋಗುವ ಹುಳುವಲ್ಲ, ಕೆಲವು ನೂರು ಮೀಟರ್ ಒಳಗೇ ಪರಾಗ ಸಿಗುವಂತೆ ನೋಡಿಕೊಳ್ಳಿ. ಸಾಗಿಸಲು ಆಗದಿದ್ದರೆ ಬದಲಿ ಆಹಾರ: ಕೊಬ್ಬು ತೆಗೆದ ಸೋಯಾ ಹಿಟ್ಟು 3 ಪಾಲು, ಬ್ರೂವರ್ಸ್ ಯೀಸ್ಟ್ ಪುಡಿ 1 ಪಾಲು, ಕೆನೆ ತೆಗೆದ ಹಾಲಿನ ಪುಡಿ 1 ಪಾಲು. 2 ಪಾಲು ಸಕ್ಕರೆಗೆ 1 ಪಾಲು ನೀರು ಹಾಕಿದ ಗಟ್ಟಿ ಪಾಕದಲ್ಲಿ, ಚಪಾತಿ ಹಿಟ್ಟಿಗಿಂತ ತುಸು ಮೆತ್ತಗೆ ಕಲಸಿ. 50 ಗ್ರಾಂ ಉಂಡೆ ತಟ್ಟಿ, ಎಣ್ಣೆಕಾಗದದ ಮೇಲಿಟ್ಟು ಮರಿಗಳ ನೇರ ಮೇಲೆ, ಚೌಕಟ್ಟಿನ ತಲೆಪಟ್ಟಿಗೆ ತಾಗುವಂತೆ ಇಡಿ. ಇಲ್ಲಿ ಪಾಕ ಹಿಟ್ಟು ಕಲಸಲು ಎಷ್ಟು ಬೇಕೋ ಅಷ್ಟೇ. ತುಡುವೆ ಇದನ್ನು ಒಮ್ಮೊಮ್ಮೆ ಮೂಸಿಯೂ ನೋಡದು. ಮೂರು ನಾಲ್ಕು ದಿನದಲ್ಲಿ ಮುಗಿಯದಿದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ಇರುವೆ, ಬೂಸಲು, ಮೇಣದ ಹುಳು ಬರುತ್ತವೆ. ರುಚಿಗೆಂದು ಬೇರೆ ಪೆಟ್ಟಿಗೆಯ ಜೇನು ಬೆರೆಸಬೇಡಿ, ರೋಗ ದಾಟುವ ದಾರಿ ಅದು.

ಪಾಲು ಹೋಗುವ ತಯಾರಿ

ಎರಿಯ ಕೆಳಅಂಚು ನೋಡಿ. ನೆಲಗಡಲೆಯ ಸಿಪ್ಪೆಯಂತೆ ಕೆಳಮುಖವಾಗಿ ಜೋತುಬಿದ್ದ ರಾಣಿ ಕಣಗಳಿವೆಯೇ? ಪಕ್ಕದಲ್ಲಿ, ನಡುವೆ ಸೂಜಿ ಚುಚ್ಚಿದಂಥ ತೂತಿರುವ ಉಬ್ಬಿದ ಮುಚ್ಚಳದ ಗಂಡುಮರಿ ಕಣಗಳಿವೆಯೇ? ಇದ್ದರೆ ಮೊಟ್ಟೆ ಇಳಿದ ಕಾರಣ ಸಿಕ್ಕಿತು. ಹಳೆಯ ರಾಣಿ ಗುಂಪಿನೊಂದಿಗೆ ಹಾರಬೇಕು, ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹಾರಲಾರಳು. ಅದಕ್ಕೆ ಕೆಲಸಗಾರರು ಅವಳಿಗೆ ಉಣಿಸುವುದನ್ನು ಕಡಿಮೆ ಮಾಡಿ, ಎರಿಯ ಮೇಲೆ ಅತ್ತಿತ್ತ ಓಡಿಸಿ ಸಣ್ಣ ಮಾಡುತ್ತಾರೆ. ಮೊದಲ ರಾಣಿ ಕಣ ಮುಚ್ಚುವ ಹೊತ್ತಿಗೆ, ಹವೆ ಚೆನ್ನಾಗಿದ್ದರೆ, ಪಾಲು ಹೊರಡುತ್ತದೆ.

ಇಲ್ಲಿ ಆಗುವ ಅನಾಹುತ ಒಂದೇ ಬಗೆಯದು: ರಾಣಿ ಕಣ ಕಂಡ ಕೂಡಲೇ ಎಲ್ಲವನ್ನೂ ಚಿವುಟಿ ಎಸೆಯುವುದು. ಚಿವುಟುವ ಮೊದಲು ನಿಂತ ಮೊಟ್ಟೆ ಇದೆಯೇ ನೋಡಿ. ಇಲ್ಲವೆಂದಾದರೆ ಹಳೆಯ ರಾಣಿ ಆಗಲೇ ಹೋಗಿರಬಹುದು, ನೀವು ಚಿವುಟಿದ್ದು ಆ ಕುಟುಂಬದ ಕೊನೆಯ ರಾಣಿಯನ್ನು. ಎಳೆ ಮರಿಯೂ ಇಲ್ಲದಿದ್ದರೆ ಅವು ಇನ್ನೊಂದನ್ನು ಬೆಳೆಸಲಾರವು.

ಚಿವುಟುವುದಕ್ಕಿಂತ ನೀವೇ ಪಾಲು ಮಾಡುವುದು ಲೇಸು. ಹುಳು ತುಂಬಿದ, ಆರೇಳು ಎರಿಯ ಕುಟುಂಬವಾದರೆ ಸಂಜೆ ನಾಲ್ಕರ ಮೇಲೆ ಖಾಲಿ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಳ್ಳಿ. ರಾಣಿ ಇರುವ ಎರಿಯನ್ನು ಹುಳುಗಳ ಸಮೇತ ಅದಕ್ಕೆ ಹಾಕಿ, ಜೊತೆಗೆ ಮುಚ್ಚಿದ ಮರಿಯ ಒಂದು ಎರಿ, ಜೇನು ಪರಾಗದ ಒಂದು ಎರಿ. ಈ ಪೆಟ್ಟಿಗೆಯಲ್ಲಿ ಒಂದೂ ರಾಣಿ ಕಣ ಇರಬಾರದು. ಹಳೆಯ ಪೆಟ್ಟಿಗೆಯಲ್ಲಿ ನೆಟ್ಟಗಿನ, ದೊಡ್ಡ ರಾಣಿ ಕಣ ಎರಡನ್ನು ಬಿಟ್ಟು ಉಳಿದದ್ದು ತೆಗೆಯಿರಿ. ಹಳೆಯ ಜಾಗವನ್ನು ನಡುವೆ ಬಿಟ್ಟು ಎರಡು ಪೆಟ್ಟಿಗೆಗಳನ್ನೂ ಅರ್ಧರ್ಧ ಮೀಟರ್ ಅಚೀಚೆ ಇಡಿ, ಹೊರಗಿನಿಂದ ಬರುವ ಹುಳುಗಳು ಎರಡಕ್ಕೂ ಹಂಚಿಹೋಗುತ್ತವೆ. ಒಂದೇ ಕಡೆ ಜಾಸ್ತಿ ಹೋಗುತ್ತಿದ್ದರೆ ಆ ಪೆಟ್ಟಿಗೆಯನ್ನು ಒಂದು ಗೇಣು ದೂರ ಸರಿಸಿ. ರಾಣಿ ಕಣದ ತುದಿಯ ಮೇಣವನ್ನು ಹುಳುಗಳೇ ಕೆರೆದು ಕಂದು ಬಣ್ಣ ಕಾಣುತ್ತಿದ್ದರೆ ಒಂದೆರಡು ದಿನದಲ್ಲಿ ಹೊಸ ರಾಣಿ ಹೊರಬರುತ್ತಾಳೆ. ಹೊರಬಂದ ವಾರದ ಸುಮಾರಿಗೆ ಗಂಡುಜೇನುಗಳ ಜೊತೆ ಮಿಲನದ ಹಾರಾಟ, ಅದಾಗಿ ಎರಡು ಮೂರು ದಿನಕ್ಕೆ ಮೊಟ್ಟೆ. ಈ ಎರಡು ವಾರ ಪೆಟ್ಟಿಗೆ ತೆರೆಯಬೇಡಿ, ಜಾಗ ಬದಲಿಸಬೇಡಿ, ಮುಂದೆ ಬಟ್ಟೆ ಒಣಹಾಕಬೇಡಿ. ಹಾರಿ ಬಂದ ರಾಣಿಗೆ ಗುರುತು ತಪ್ಪಿದರೆ ಪಕ್ಕದ ಪೆಟ್ಟಿಗೆಗೆ ಹೋಗಿ ಸಾಯುತ್ತಾಳೆ.

ನಿಜವಾಗಿಯೂ ರಾಣಿಯದೇ ತೊಂದರೆ ಎಂದಾದರೆ

ಮಿಲನದಲ್ಲಿ ಕೂಡಿಟ್ಟ ವೀರ್ಯ ಮುಗಿಯುತ್ತ ಬಂದ ರಾಣಿ ಕೆಲಸಗಾರ ಕಣದಲ್ಲೂ ಗಂಡುಮೊಟ್ಟೆ ಇಡುತ್ತಾಳೆ. ಸಪಾಟಾಗಿರಬೇಕಾದ ಮುಚ್ಚಿದ ಮರಿಗಳ ನಡುವೆ ಅಲ್ಲೊಂದು ಇಲ್ಲೊಂದು ಗುಬುಟು ಎದ್ದಿರುತ್ತದೆ. ಮುಚ್ಚಿದ ಮರಿ ಇರುವಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಕಣ ಎಣಿಸಿ. ನೂರರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಖಾಲಿ ಇದ್ದು, ಪರಾಗವೂ ಜಾಗವೂ ಸರಿಯಾಗಿದ್ದರೆ ರಾಣಿ ಬದಲಿಸುವ ಯೋಚನೆ ಮಾಡಿ. ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ, ಅದೂ ತಳದಲ್ಲಿರದೆ ಗೋಡೆಗೆ ಅಂಟಿದ್ದರೆ ರಾಣಿಯೇ ಇಲ್ಲ, ಕೆಲಸಗಾರರು ಮೊಟ್ಟೆ ಇಡುತ್ತಿದ್ದಾರೆ. ರಾಣಿ ಕಳೆದುಕೊಂಡ ತುಡುವೆ ಈ ಸ್ಥಿತಿಗೆ ಬೇಗ ಇಳಿಯುತ್ತದೆ, ಅದಕ್ಕೆ ಹೊಸ ರಾಣಿ ಕೊಟ್ಟರೂ ಹೆಚ್ಚಾಗಿ ಒಪ್ಪದು. ಬೇರೆ ಗಟ್ಟಿ ಪೆಟ್ಟಿಗೆಗೆ ಸೇರಿಸುವುದೇ ದಾರಿ.

ಆದರೆ ನಡುನಡುವೆ ಖಾಲಿ ಕಣ ಬಿದ್ದ ಮರಿ ಕಂಡ ಕೂಡಲೇ ರಾಣಿಗೆ ಕೈ ಹಾಕಬೇಡಿ, ಮೊದಲು ರೋಗ ನೋಡಿ. ಥಾಯ್ ಸ್ಯಾಕ್‌ಬ್ರೂಡ್ ವೈರಸ್ 1991-92ರ ಹೊತ್ತಿಗೆ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಊರೂರಲ್ಲಿ ಅಳಿಸಿಹಾಕಿತು, ಇವತ್ತಿಗೂ ಹೋಗಿಲ್ಲ. ಮುಚ್ಚುವ ವಯಸ್ಸಿನ ಮರಿ ಕಣದಲ್ಲಿ ಉದ್ದಕ್ಕೆ ಚಾಚಿ, ತಲೆ ಮೇಲಕ್ಕೆತ್ತಿ ದೋಣಿಯಂತೆ ಬಾಗಿ ಸತ್ತಿರುತ್ತದೆ. ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಪೂರ್ತಿ ಬರುತ್ತದೆ. ಇದು ವೈರಸ್, ಆ್ಯಂಟಿಬಯಾಟಿಕ್ ಕೊಟ್ಟು ಪ್ರಯೋಜನವಿಲ್ಲ, ಜೇನಲ್ಲಿ ಔಷಧಿ ಉಳಿಯುವುದೊಂದೇ ಲಾಭ. ರೋಗದ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಕೊಡಬೇಡಿ, ಅದನ್ನು ಮುಟ್ಟಿದ ಕೈ, ಚಾಕು ತೊಳೆಯದೆ ಬೇರೆ ಪೆಟ್ಟಿಗೆ ತೆರೆಯಬೇಡಿ. ರೋಗದ ಮರಿಗಳ ಎರಿ ಕತ್ತರಿಸಿ ಸುಟ್ಟು, ಹುಳುಗಳನ್ನು ಕೆಲವೇ ಎರಿಗಳಿಗೆ ಒತ್ತಾಗಿ ಕೂರಿಸಿ, ರಾಣಿಯನ್ನು ಸುಮಾರು ಎರಡು ವಾರ ಪಂಜರದಲ್ಲಿಟ್ಟು ಮರಿ ಬೆಳೆಯುವುದಕ್ಕೆ ಬಿಡುವು ಕೊಟ್ಟರೆ ಕೆಲವು ಕುಟುಂಬಗಳು ಚೇತರಿಸಿಕೊಳ್ಳುತ್ತವೆ. ಮುಂದೆ ರಾಣಿ ಬೆಳೆಸುವುದು ರೋಗ ತಾಳಿಕೊಂಡ ಕುಟುಂಬದಿಂದಲೇ ಆಗಲಿ.

ಸೆಖೆ

ಮರಿಗಳ ಸುತ್ತ 33ರಿಂದ 36 ಡಿಗ್ರಿ ಇರಬೇಕು. ಬಯಲುಸೀಮೆಯಲ್ಲಿ ಏಪ್ರಿಲ್ ಬಿಸಿಲು 38 ದಾಟಿದರೆ ಹುಳುಗಳು ಮಕರಂದ ಬಿಟ್ಟು ನೀರು ಹೊರುತ್ತವೆ, ರೆಕ್ಕೆ ಬೀಸುತ್ತವೆ, ಮರಿ ನೋಡುವವರಿಲ್ಲದಾಗುತ್ತದೆ. ಮಧ್ಯಾಹ್ನದ ನೆರಳು, ಮುಚ್ಚಳದ ಮೇಲೆ ಒದ್ದೆ ಗೋಣಿ, ಹತ್ತು ಹದಿನೈದು ಮೀಟರ್ ಒಳಗೆ ಕಲ್ಲು ಹಾಕಿದ ನೀರಿನ ತಟ್ಟೆ, ಇಷ್ಟು ಸಾಕು. ತಟ್ಟೆ ಎಂದೂ ಒಣಗಬಾರದು.

ಯಾವ ಪರಿಹಾರ ಮಾಡಿದರೂ ನಾಲ್ಕನೇ ದಿನ ಮೊಟ್ಟೆ ಮಾತ್ರ ನೋಡಿ, ಹತ್ತನೇ ದಿನ ಜಾಲರಿ ಹಿಡಿದು ಮೂರರ ಲೆಕ್ಕವನ್ನೂ ಮತ್ತೆ ಬರೆಯಿರಿ. ಅದರ ನಡುವೆ ದಿನಾ ತೆರೆದರೆ ತುಡುವೆ ಸಿಟ್ಟಾಗಿ ಪರಾರಿಯಾಗುತ್ತದೆ. ಮೇ ಕೊನೆಗೆ ಹೂ ಮುಗಿದು ಮೊಟ್ಟೆ ಇಳಿದರೆ ಅದು ಮಳೆಗಾಲದ ತಯಾರಿ, ಅದಕ್ಕೆ ಮದ್ದು ಬೇಡ. ಆಗ ಜೇನುಕೋಣೆ ಇಳಿಸಿ, ಅಡಿಕೋಣೆಯ ಜೇನು ಮುಟ್ಟದೆ ಬಿಡಿ, ಜೂನ್ ಜುಲೈ ಮಳೆಯಲ್ಲಿ ರಾಣಿಯೂ ಹುಳುಗಳೂ ಬದುಕುವುದು ಅದರಲ್ಲೇ.